ವಿಷಯ ಸಂಖ್ಯೆ ಹದಿನಾಲ್ಕು

ಬಿಳಿಕಲ್ಲೂರು, ಎರಡನೆಯ ತಂಪುಗವಿ
ಬೇಸಿಗೆಯ ಏಳನೆಯ ತಿಂಗಳು, ತೊಂಬತ್ತಮೂರನೆಯ ಮುಚ್ಚುಹಗಲು, ಇಸವಿ ೨೧೯೪

ಬಿಳಿಕಲ್ಲೂರು ನಗರಸಭೆಯ ಹದಿನೇಳನೇ ವಾರ್ಡಿನ ಸದಸ್ಯರಾದ ರಾಚಪ್ಪ ಅಂಗಡಿ ಅವರಿಗೆ, ಅವರದೇ ವಂಶದ ಏಳನೆಯ ತಲೆಯವಳಾದ ನೀಲಾಂಬಿಕೆಯ ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ಬೇಸಿಗೆಗೆ ಏಳನೆಯ ತಿಂಗಳು ಎಲ್ಲಿಂದ ಬಂತು ಎಂದು ನಿಮಗೆ ಅನ್ನಿಸಬಹುದು. ನಮಗೆ ಎಂಟನೆಯದೂ ಇದೆ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದು ಮಾತ್ರ ಕೇಳಬೇಡಿ. ತಿಳಿದವರು ನನಗೆ ಎರಡು ಸಲ ವಿವರಿಸಿದರು, ಎರಡು ಸಲವೂ ತಲೆಯಾಡಿಸಿದೆ, ಒಂದು ಸಲವೂ ಅರ್ಥವಾಗಲಿಲ್ಲ. ಒಂದೇ ಕಾಗದ, ಒಂದೇ ಸಲ, ನಿಮ್ಮ ಸಭೆಯ ಹಿಂದಿನ ದಿನ ತಲುಪುತ್ತದೆ ಎಂದಷ್ಟೇ ಹೇಳಿದರು. ಅಷ್ಟು ನನಗೆ ಸಾಕು. ನಿಮ್ಮನ್ನು ಮುತ್ಯಾ ಎಂದೇ ಕರೆಯುತ್ತೇನೆ. ನಿಮಗೆ ಈಗ ಮೂವತ್ತೆಂಟು, ನನಗೆ ಅರವತ್ತೊಂದು, ಮುತ್ಯಾ ಅನ್ನುವಾಗ ಸ್ವಲ್ಪ ನಾಚಿಕೆಯಾಗುತ್ತದೆ. ಆದರೆ ಹಿರಿಯರು ಹಿರಿಯರೇ.

ನಾನು ಈ ಊರಿನ ಠರಾವುದಾರಳು. ನಗರಸಭೆ ಮಾಡಿದ ಪ್ರತಿಯೊಂದು ಠರಾವನ್ನೂ ಬರೆದು, ಕಾಯ್ದು, ಕೇಳಿದವರಿಗೆ ಓದಿ ಹೇಳುವುದು ನನ್ನ ಕೆಲಸ. ನಿಮ್ಮ ಕಾಲದ ನಡಾವಳಿ ಪುಸ್ತಕವೂ ನನ್ನ ಬಳಿ ಇದೆ. ಗೆದ್ದಲು ಅಂಚನ್ನು ತಿಂದಿದೆ, ಅಕ್ಷರಗಳನ್ನು ಬಿಟ್ಟಿದೆ. ಅದರಲ್ಲಿ ನಾಳಿನ ನಿಮ್ಮ ಸಭೆಯ ಪುಟವನ್ನು ಈ ಊರಿನ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದಾರೆ. ನಾಳೆ ಹೊಸ ಅಧ್ಯಕ್ಷರ ಮೊದಲ ಸಭೆ. ಅಧ್ಯಕ್ಷರಾದವರು ಮೊದಲ ಸಭೆಗೆ ಎಲ್ಲರಿಗೂ ಹುಗ್ಗಿ ಊಟ ಹಾಕಿಸುವುದು ನಿಮ್ಮ ಪದ್ಧತಿ. ಚರಂಡಿ, ಬೀದಿದೀಪ, ಸಂತೆ ಕಟ್ಟೆ ಎಂದು ಹದಿಮೂರು ವಿಷಯಗಳು ಮುಗಿಯುವ ಹೊತ್ತಿಗೆ ಒಂದು ಗಂಟೆ ದಾಟಿರುತ್ತದೆ, ಹಿತ್ತಲಿನ ಒಲೆಯಿಂದ ಬೆಲ್ಲ, ಗೋಧಿ, ತುಪ್ಪದ ವಾಸನೆ ಸಭಾಂಗಣಕ್ಕೆ ಬಂದಿರುತ್ತದೆ. ಆಗ ಗುಮಾಸ್ತರು ವಿಷಯ ಸಂಖ್ಯೆ ಹದಿನಾಲ್ಕನ್ನು ಓದುತ್ತಾರೆ.

ಅದರಲ್ಲಿ ಏನಿದೆ ಎಂದು ನೀವು ಓದಿಕೊಂಡಿಲ್ಲ. ಓದಿಕೊಂಡವರು ಆ ವಿಷಯ ತಂದ ಕಾಶೀಬಾಯಿ ಮೇತ್ರಿ ಒಬ್ಬರೇ. ಊರು ತಾನು ಮಾಡಬಹುದಾದ್ದನ್ನೆಲ್ಲ ಮಾಡಿದೆ, ಕೆರೆ ಹೂಳೆತ್ತಿದೆ, ಮಾಳಿಗೆಗೆ ಸುಣ್ಣ ಬಳಿದಿದೆ, ಬೇವು ನೆಟ್ಟಿದೆ. ಆದರೆ ಬಿಸಿಲಿಗೆ ವಾರ್ಡಿನ ಗಡಿ ಗೊತ್ತಿಲ್ಲ, ಆದ್ದರಿಂದ ದೇಶದಲ್ಲಿ ಕರೆಂಟಿಗಾಗಿ ಉರಿಸುವ ಕಲ್ಲಿದ್ದಲ ಒಲೆಗಳನ್ನು ಆರಿಸಲು ಕೇಂದ್ರ ಸರ್ಕಾರ ಗಡುವು ಹಾಕಿ, ತಪ್ಪಿದವರನ್ನು ಹಿಡಿದು ಕೇಳುವ ಕಾನೂನು ಮಾಡಬೇಕು ಎಂಬುದು ಅದರ ಸಾರ. ಇದೇ ಠರಾವನ್ನು ಮುನ್ನೂರು ಊರುಗಳು ತಿಂಗಳ ಕೊನೆಯೊಳಗೆ ಮಾಡಿ ಕಳಿಸಿದರೆ ಕಾನೂನನ್ನು ಅಧಿವೇಶನಕ್ಕೆ ತರುತ್ತೇವೆಂದು ದಿಲ್ಲಿಯವರು ಮಾತು ಕೊಟ್ಟಿದ್ದರು. ಅಷ್ಟು ಊರುಗಳು ಎಲ್ಲಿ ಕೂಡುತ್ತವೆ ಎಂಬ ಧೈರ್ಯದಲ್ಲೇ ಕೊಟ್ಟಿರಬೇಕು.

ನಿಮ್ಮ ಸಭೆಗೆ ಕೋರಂ ಹನ್ನೊಂದು. ಹುಗ್ಗಿಯ ವಾಸನೆಗೆ ಒಬ್ಬೊಬ್ಬರೇ ಜಾರಿಕೊಂಡು, ಕೊನೆಗೆ ಸರಿಯಾಗಿ ಹನ್ನೊಂದು ಜನ ಉಳಿದಿದ್ದರು. ಹನ್ನೊಂದನೆಯವರು ನೀವು. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನೀವು ಎದ್ದಿರಿ. ಆ ಗುಮಾಸ್ತರು ಯಾರೋ ಪುಣ್ಯಾತ್ಮರು, ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಟ್ಟಿದ್ದಾರೆ. ಕಾಶೀಬಾಯಿ ಅಂದದ್ದು: "ಅಣ್ಣಾರ, ಒಂದ್ ಐದು ಮಿನಿಟ್ ಕುಂದರ್ರಿ. ನಿಮ್ಮದೊಂದು ಕೈ ಬೇಕಾಗೈತಿ." ನೀವು ಅಂದದ್ದು: "ಇದೇನ್ ಎಲ್ಲಿಗಿ ಓಡಿಹೊಕ್ಕೈತೇನ್ರಿ ಅಕ್ಕಾರ? ಉಂಡ ಬಂದ ಕೈ ಎತ್ತೂಣಂತ ತಗೋರಿ. ಹುಗ್ಗಿ ಆರತೈತಿ." ಅದರ ಕೆಳಗೆ ಒಂದೇ ಸಾಲು: ಕೋರಂ ಇಲ್ಲದ ಕಾರಣ ವಿಷಯ ಮುಂದೂಡಲಾಗಿದೆ.

ಉಂಡವರು ಯಾರೂ ತಿರುಗಿ ಬರಲಿಲ್ಲ. ಹುಗ್ಗಿ ಉಂಡ ಮೇಲೆ ಮನುಷ್ಯ ಹಾಸಿಗೆ ಹುಡುಕುತ್ತಾನೆಯೇ ಹೊರತು ಠರಾವು ಹುಡುಕುವುದಿಲ್ಲ. ಮುಂದಿನ ಸಭೆ ಕರೆಯುವಷ್ಟರಲ್ಲಿ ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂತು, ತಿಂಗಳೂ ಮುಗಿಯಿತು. ಇಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಸುತ್ತಲಿನ ಹನ್ನೊಂದು ಊರುಗಳು ನಿಮ್ಮನ್ನೇ ನೋಡುತ್ತಾ ಕೂತಿದ್ದವು. ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಯುವುದು ಬಿಳಿಕಲ್ಲೂರು, ಅವರಿಗೇ ಅವಸರವಿಲ್ಲದಿದ್ದರೆ ನಮಗೇಕೆ ಎಂದು ಅವರೂ ತಮ್ಮ ತಮ್ಮ ಪುಸ್ತಕ ಮುಚ್ಚಿದರು. ತಿಂಗಳ ಕೊನೆಗೆ ಇನ್ನೂರ ತೊಂಬತ್ತೆರಡು ಊರುಗಳಾದವು. ಊರುಗಳಲ್ಲೇ ಒಮ್ಮತವಿಲ್ಲವೆಂದು ದಿಲ್ಲಿಯವರು ನೆಮ್ಮದಿಯಾಗಿ ಹೇಳಿದರು. ನಮ್ಮ ದೇಶವನ್ನು ನೋಡಿಕೊಂಡು ಕೂತಿದ್ದ ಬೇರೆ ದೇಶಗಳೂ ಅದನ್ನೇ ಹೇಳಿದವು. ಕಾನೂನು ಬಂದದ್ದು ಹತ್ತೊಂಬತ್ತು ವರ್ಷಗಳ ಮೇಲೆ, ಅದೂ ಹಲ್ಲಿಲ್ಲದ ಕಾನೂನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮುಚ್ಚುಹಗಲು ಎಂದರೇನು ಎಂದು ಹೇಳಬೇಕು. ಗಾಳಿಯಲ್ಲಿ ಬಿಸಿಯೂ ನೀರೂ ಕೂಡಿ, ಮೈಮೇಲಿನ ಬೆವರು ಆರುವುದನ್ನೇ ನಿಲ್ಲಿಸುವ ದಿನ. ಅಂಥ ಹಗಲು ಹೊರಗೆ ನಿಂತ ಗಟ್ಟಿ ಆಳು ಕೂಡ ಮೂರು ತಾಸಿನಲ್ಲಿ ಬೀಳುತ್ತಾನೆ. ಓಣಿ ಓಣಿಯಲ್ಲಿ ಹಲಗೆ ಬಾರಿಸುತ್ತಾರೆ. ಮೊದಲನೆಯ ಬಡಿತಕ್ಕೆ ಒಲೆ ಆರಿಸಬೇಕು, ಎರಡನೆಯದಕ್ಕೆ ಮಕ್ಕಳ ಕೈ ಹಿಡಿಯಬೇಕು, ಮೂರನೆಯದಕ್ಕೆ ಎಲ್ಲರೂ ತಂಪುಗವಿಯೊಳಗೆ ಇರಬೇಕು. ತಂಪುಗವಿಗಳೆಂದರೆ ನಿಮ್ಮ ಕಾಲದಲ್ಲಿ ಹಾಸುಗಲ್ಲು ತೆಗೆದ ಹಳೆಯ ಕ್ವಾರಿಗಳು, ಇನ್ನೂ ಆಳಕ್ಕೆ ಅಗೆದು ಮೇಲೆ ಮುಚ್ಚಿದ್ದು. ಒಳಗೆ ಉಪ್ಪುನೀರು ಕುಡಿಯುತ್ತ, ತಗ್ಗಿದ ದನಿಯಲ್ಲಿ ಮಾತಾಡುತ್ತ, ಸಂಜೆಯ ಹಲಗೆಗೆ ಕಾಯುತ್ತೇವೆ. ನೀವು ನೆಟ್ಟ ಬೇವುಗಳು ನಿಂತಲ್ಲೇ ಒಣಗಿದವು. ಗೋಧಿ ಈ ಸೀಮೆಯಲ್ಲಿ ಬೆಳೆಯುವುದಿಲ್ಲ. ಹುಗ್ಗಿ ಎಂದರೆ ಏನು ರುಚಿ ಎಂದು ನನಗೆ ಗೊತ್ತಿಲ್ಲ ಮುತ್ಯಾ, ಅದು ಆರುವ ಚಿಂತೆ ಮಾತ್ರ ಗೊತ್ತು.

ನಮ್ಮ ಮನೆತನಕ್ಕೆ ಅಂಗಡಿ ಎಂಬ ಹೆಸರು ಪುಸ್ತಕದಲ್ಲಷ್ಟೇ ಉಳಿದಿದೆ. ಊರವರು ಕರೆಯುವುದು "ಉಣ್ಣಾಕ ಎದ್ದವರು" ಎಂದು. ನನ್ನ ಮದುವೆಯ ಮಾತುಕತೆಯಲ್ಲಿ ಬೀಗರು ಅದನ್ನೇ ಹೇಳಿ ನಕ್ಕರು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ನಗರಸಭೆಯಲ್ಲಿ ಈಗ ಕೂರುನೇಮ ಎಂಬ ಕಟ್ಟಳೆ ಇದೆ: ಸದಸ್ಯರು ಚಪ್ಪಲಿಯನ್ನು ಬಾಗಿಲು ಕಾಯುವವರ ವಶಕ್ಕೆ ಕೊಟ್ಟು ಒಳಗೆ ಬರಬೇಕು, ಕೊನೆಯ ವಿಷಯ ಮುಗಿಯುವ ತನಕ ಅನ್ನ ಮುಟ್ಟುವಂತಿಲ್ಲ, ಏಳುವಂತಿಲ್ಲ. ಅದೂ ನಿಮ್ಮಿಂದಲೇ ಬಂದದ್ದು. ಅಂದಿನಿಂದ ಒಬ್ಬರೂ ಎದ್ದಿಲ್ಲ. ಆದರೆ ಈಗ ಕೂತು ಏನು ಮಾಡುವುದು, ಕೈ ಎತ್ತಿ ತಡೆಯಬಹುದಾದ್ದು ಯಾವುದೂ ಉಳಿದಿಲ್ಲ.

ಇಂದು ಒಂದು ಗಂಟೆ ಇಪ್ಪತ್ತಕ್ಕೆ, ಇದೇ ಗವಿಯಲ್ಲಿ, ನಮ್ಮ ಸಭೆಯ ಮುಂದೆ ಕೊನೆಯ ಠರಾವು ಬರುತ್ತದೆ: ಊರು ಬಿಡುವುದು. ಬೆಟ್ಟದ ಮೇಲಿನ ನೆಲೆಗೆ ಹನ್ನೊಂದು ದಿನದ ದಾರಿ. ನಾಡಿ ನೋಡುವವರು ಎಲ್ಲರನ್ನೂ ಪರೀಕ್ಷಿಸಿದ್ದಾರೆ. ಆ ದಾರಿಯ ಬಿಸಿಲನ್ನು ಯಾರ ನಾಡಿ ತಾಳುತ್ತದೋ ಅವರು ಹೊರಡುತ್ತಾರೆ, ತಾಳದವರು ಗವಿಯಲ್ಲಿ ಉಳಿಯುತ್ತಾರೆ. ನನ್ನ ಮೊಮ್ಮಗಳು ಸರ್ವಿಗೆ ಆರು ವರ್ಷ. ಅವಳ ನಾಡಿ ತಾಳುವುದಿಲ್ಲವಂತೆ. ಅವಳ ತಾಯಿ ತಂದೆ ಹಿಂದಿನ ಬೇಸಿಗೆಯಲ್ಲೇ ತೀರಿಹೋದರು. ನಾನು ಹೋಗುವವರ ಪಟ್ಟಿಯಲ್ಲಿದ್ದೆ, ನನ್ನ ಹೆಸರನ್ನು ನಾನೇ ಹೊಡೆದು ಹಾಕಿದೆ. ಈಗ ಅವಳು ನನ್ನ ತೊಡೆಗೆ ಒರಗಿ, ಹಗಲು ಹೊತ್ತಿನಲ್ಲಿ ಬಯಲಿನಲ್ಲಿ ಓಡಿದರೆ ಹೇಗಿರುತ್ತದೆ ಎಂದು ಕೇಳುತ್ತಿದ್ದಾಳೆ. ನಾನು ಓಡಿಲ್ಲ. ನೀವು ಓಡಿದ್ದೀರಿ.

ನಾಳೆ ನೀವು ಎದ್ದರೆ ಏನಾಗುತ್ತದೆಂದು ಹೇಳಿದೆ. ಏಳದಿದ್ದರೆ ಏನಾಗುತ್ತದೆಂದು ಆಣೆ ಮಾಡಿ ಹೇಳಲಾರೆ. ಲೆಕ್ಕ ಬಲ್ಲವರು ವರ್ಷಕ್ಕೆ ಎಂಟೋ ಹತ್ತೋ ಮುಚ್ಚುಹಗಲು ಇರುತ್ತಿದ್ದವು ಎನ್ನುತ್ತಾರೆ. ಹತ್ತನ್ನು ಯಾರು ಬೇಕಾದರೂ ತಡೆದುಕೊಳ್ಳಬಹುದು. ಕಾಲದ ದಾರಿ ಬದಲಾದರೆ ನಾನೂ ಸರ್ವಿಯೂ ಹುಟ್ಟದೆಯೇ ಹೋಗಬಹುದು ಎಂದೂ ಎಚ್ಚರಿಸಿದರು. ನನಗೆ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಖಾಲಿ ಕಾಗದವನ್ನು ಮೂರು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಆಮೇಲೆ ಅನ್ನಿಸಿತು, ಯಾರ ಮಗುವಾದರೂ ಆಗಲಿ, ಬಿಳಿಕಲ್ಲೂರಿನಲ್ಲಿ ಒಂದು ಹುಡುಗಿ ಮಧ್ಯಾಹ್ನ ಹೊರಗೆ ಓಡಲಿ. ಅವಳು ನನ್ನವಳೇ.

ನೀವು ಕೆಟ್ಟವರಲ್ಲ ಎಂದು ನನಗೆ ಗೊತ್ತು. ಹಸಿದಿದ್ದಿರಿ, ಅಷ್ಟೇ. ಕೈ ಎತ್ತುವ ಮನಸ್ಸೂ ನಿಮಗಿತ್ತು, ಉಂಡು ಬಂದು ಎತ್ತುವ ಮನಸ್ಸು. ನಾನು ಕೇಳುವುದು ಐದು ನಿಮಿಷ. ಕಾಶೀಬಾಯಿ ಕೇಳಿದ್ದೂ ಅಷ್ಟೇ.

ಸಭೆಯವರು ನನ್ನನ್ನು ಕರೆಯುತ್ತಿದ್ದಾರೆ. ಪುಸ್ತಕ ತೆರೆದಿದೆ, ಊರು ಬಿಡುವ ಠರಾವಿಗೆ ಪುಟದ ಸಂಖ್ಯೆ ಹಾಕಿದ್ದೇನೆ, ಒಕ್ಕಣೆ ಇನ್ನೂ ಬರೆದಿಲ್ಲ. ಈ ಕಾಗದದ ಒಂದೊಂದು ಅಕ್ಷರ ಬರೆಯುವಾಗಲೂ, ನೀವು ಕೂತದ್ದಾದರೆ ಆ ಸಂಖ್ಯೆ ಅಳಿಸಿ ಪುಟ ಖಾಲಿಯಾದೀತೇನೋ ಎಂದು ನೋಡುತ್ತಿರುತ್ತೇನೆ.

ಹುಗ್ಗಿ ಆರಿದರ ಆರಲಿ ಬಿಡ್ರಿ ಮುತ್ಯಾ. ಕುಂದರ್ರಿ.