ಗಾಳಿಗುಳ್ಳೆಯ ಚಿತ್ರ

ಡುಲುತ್, ಮಾರ್ಚ್ ೩

ಹಾಲ್ವರ್ಸನ್ ಮೇಡಂ ಅವರಿಗೆ,

ಹೋದ ವರ್ಷ ಶಾಲೆ ಬಿಟ್ಟ ಟೋಬಿನ್ ಬರೆಯುತ್ತಿದ್ದೇನೆ. ಜೀವಶಾಸ್ತ್ರದ ಅಂಕ ನೋಡಿ ನನ್ನನ್ನು ಮತ್ತೆ ಸೇರಿಸಿಕೊಳ್ಳಲು ಒಪ್ಪಿದ್ದೀರಿ. ಸಹಿ ಹಾಕುವ ಮುನ್ನ ಇದನ್ನು ಓದಿ. ಆ ಅಂಕ ತಂದ ಚಿತ್ರದಲ್ಲಿ ಕೆನ್ನೆಯ ಜೀವಕೋಶವೆಂದು ನಾನು ಬರೆದುಕೊಟ್ಟದ್ದು ಗಾಜಿನ ಪಟ್ಟಿಯಡಿ ಸಿಕ್ಕಿಕೊಂಡಿದ್ದ ಗಾಳಿಗುಳ್ಳೆ. ಅದರೊಳಗೆ ಕೋಶಕೇಂದ್ರವನ್ನು ಪುಸ್ತಕ ನೋಡಿ ಸೇರಿಸಿದ್ದೆ.

ನಿನ್ನೆ ಗ್ರಂಥಾಲಯದ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿದೆ. ಈರುಳ್ಳಿ ಪೊರೆಯ ಕೋಶಗಳು ಇಟ್ಟಿಗೆ ಜೋಡಿಸಿದಂತಿದ್ದವು. ನನ್ನ ಕೆನ್ನೆಯವಕ್ಕೆ ನೀಲಿ ಬಣ್ಣ ಹಾಕಿದರೆ, ಸುತ್ತ ಗೋಡೆಯೇ ಇಲ್ಲದೆ, ಅಂಚು ಮಡಿಚಿಕೊಂಡು ಬಿದ್ದಿದ್ದವು.

“ನಿನ್ನ ಥರಾನೇ ಕಣೋ, ಒಂದೂ ನೆಟ್ಟಗೆ ಕೂತಿಲ್ಲ,” ಎಂದಳು ಜೊತೆಗೆ ಬಂದು ಇಣುಕಿ ನೋಡಿದ ಅಕ್ಕ ಮಾರ್ಗಿಟ್.

ಆ ಅಂಕ ಕಳೆದುಬಿಡಿ. ಪ್ರವೇಶ ತಪ್ಪಿದರೂ ಸರಿಯೇ. ಆದರೆ ಸೋಮವಾರ ಪ್ರಯೋಗಾಲಯದಲ್ಲಿ ಒಂದು ಗಂಟೆ ಕೊಟ್ಟರೆ, ಕಂಡದ್ದನ್ನಷ್ಟೇ ಬರೆಯುತ್ತೇನೆ. ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲ ಬಳಿ ನಿಂತಿರುತ್ತೇನೆ.

ನಿಮ್ಮ ವಿದ್ಯಾರ್ಥಿಯಾಗಲು ಕಾದಿರುವ
ಟೋಬಿನ್ ರಾಸ್ಕ್