ಪ್ಲಂಬರಿನ ‘ಬಿ’ ಯಾಕೆ ಬಾಯಿ ಮುಚ್ಚಬೇಕು?

ಗದಗ, ಫೆಬ್ರವರಿ 30, 2291

‘ಸ್ಪೆಲ್ಲಿಂಗ್ ಸಿಂಹಗಳು’ ಗುಂಪಿನ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಜನವರಿ, ಮಾರ್ಚ್‌ಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದ್ದೇವೆ. ಕ್ಯಾಲೆಂಡರನ್ನೇ ತಿದ್ದಿದ ನಮಗೆ ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದಲಾಗಲಿಲ್ಲ, ಅದೇ ಉರಿ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಬರೆಯಲು ಕಲಿತದ್ದೇ ನಿಮ್ಮ ಹಳೆಯ ಚಾಟ್‌ಗಳನ್ನು ಓದಿ. ನಿಮ್ಮ ಗುಡ್ ಮಾರ್ನಿಂಗ್ ಗುಲಾಬಿಗಳಿಂದ ಹಿಡಿದು ಜಗಳಗಳವರೆಗೆ ಎಲ್ಲವೂ ಬಾಯಿಪಾಠ. ದೊಡ್ಡ ಫ್ಯಾನ್ ಆಗಿದ್ದೆ. ಮೊನ್ನೆಯವರೆಗೆ.

ನನ್ನ ಅಕ್ಕ ನಿಂಬೆವ್ವ ನೀರಿನ ಕೆಲಸ ಕಲಿತವಳು. ನಮ್ಮಲ್ಲಿ ಪೈಪ್ ಹಾಕುವುದಿಲ್ಲ, ಬೆಳೆಸುತ್ತೇವೆ. ಗೋಡೆಗುಂಟ ಹಬ್ಬಿ ಮನೆಮನೆಗೆ ನೀರು ತರುವ ಅದಕ್ಕೆ ನೀರುಬಳ್ಳಿ ಅನ್ನುತ್ತೇವೆ. ಬೇಸಿಗೆಯಲ್ಲಿ ಅದು ಬಾಯಾರಿ ತಾನೇ ನೀರು ಕುಡಿದುಬಿಡುತ್ತದೆ, ಆಗ ಓಣಿಯವರೆಲ್ಲ ಕೊಡ ಹಿಡಿದು ಬಳ್ಳಿಗೇ ಬೈಯುತ್ತಾರೆ. ಅದನ್ನು ಕತ್ತರಿಸಿ ಕಸಿ ಮಾಡಲು ಲೈಸೆನ್ಸ್ ಬೇಕು. ಪರೀಕ್ಷೆ ಮಾಡುವವನು ಕಿವಿಯಪ್ಪ, ಅಂದರೆ ನಿಮ್ಮ ಕಾಲದ ಹರಟೆಗಳನ್ನೇ ಪಾಠ ಮಾಡಿಕೊಂಡು ಬೆಳೆದ ಯಂತ್ರ. ಅಕ್ಕ ಎಲ್ಲಾ ಕಸಿ ಸರಿಯಾಗಿ ಮಾಡಿದಳು. ಕೊನೆಗೆ ಪರದೆಯ ಮೇಲಿದ್ದ ಇಂಗ್ಲಿಷ್ ಪದ ನೋಡಿ ತನ್ನ ಕೆಲಸದ ಹೆಸರು ಹೇಳಬೇಕಿತ್ತು. ‘ಪ್ಲಂಬರ್’ ಅಂದಳು, ‘ಬ’ಕ್ಕೆ ಒತ್ತುಕೊಟ್ಟು, ಹೆಮ್ಮೆಯಿಂದ.

ಕಿವಿಯಪ್ಪ ಫೇಲ್ ಮಾಡಿದ. ಪರದೆಯ ತುಂಬ ನಗುವ ಮುಖಗಳು.

“ಬರದಿಟ್ಟದ್ದನ್ನ ಓದೀನಿ. ಬ್ಯಾಡಾಗಿದ್ರ ಯಾಕ ಬರದೀರಿ?” ಅಂತ ಅಕ್ಕ ಕೇಳಿದಳು.

ಸರಿಯಾಗಿಯೇ ಕೇಳಿದಳಲ್ಲ! ನಂಬರಿನಲ್ಲಿ ಬಾಯಿ ಬಿಡುವ ‘ಬಿ’ಗೆ ಪ್ಲಂಬರಿನಲ್ಲಿ ಯಾಕೆ ಬೀಗ? ನೈಟ್ ಆದರೆ ಜಿ, ಎಚ್ ಇಬ್ಬರೂ ಮಲಗಿಬಿಡುತ್ತಾರೆ. ಡೌಟ್‌ನ ‘ಬಿ’ ಮೇಲಂತೂ ನನಗೆ ಮೊದಲಿನಿಂದಲೂ ಡೌಟು. ನಾವು ಇವುಗಳನ್ನು ಕೂತುಣ್ಣಿಗಳು ಅನ್ನುತ್ತೇವೆ: ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತು ಉಣ್ಣುವುದು, ಕೆಲಸಕ್ಕೆ ಕರೆದರೆ ಸುಮ್ಮನಿರುವುದು. ನಮ್ಮ ಅರ್ಕಾವೊತ್ತನ್ನು ನೋಡಿ. ಸೂರ್ಯನಲ್ಲಿ ‘ಯ’ದ ಹಿಂದೆ ಕೂತರೂ ಅದಕ್ಕಿಂತ ಮೊದಲು ಉಲಿಯುತ್ತದೆ. ಪುಕ್ಕಟೆ ಕೂರುವುದಿಲ್ಲ.

ಫೇಲ್ ಮಾಡಿದರೆ ಕಿವಿಯಪ್ಪ ಕಾರಣ ತೋರಿಸಬೇಕು. ತೋರಿಸಿದ್ದು ನಿಮ್ಮ ಗುಂಪಿನ ಚಾಟನ್ನು! ನನಗದು ಹಳೆಯದು, ನಿಮಗೆ ನಾಳೆಯದು. ನಿಮ್ಮ ಸದಸ್ಯ ಫಕೀರಪ್ಪ ಧ್ವನಿ ಸಂದೇಶ ಕಳಿಸುತ್ತಾರೆ: “ಯಪ್ಪಾ, ಅಡಗಿ ಮನ್ಯಾಗ ನೀರು ತುಂಬೇತ್ರಿ, ಯಾರಾದ್ರೂ ಪ್ಲಂಬರ್ ನಂಬರ್ ಕೊಡ್ರಿ!” ಒಬ್ಬರೂ ಕೊಡುವುದಿಲ್ಲ. ಸಾಲುಸಾಲು ನಗುವ ಮುಖಗಳು. ಒಬ್ಬ ಜಾಣ ಬರೆಯುತ್ತಾನೆ, “ಅಣ್ಣಾ, ಬಿ ಸೈಲೆಂಟ್!”

ಅಣ್ಣ ಸೈಲೆಂಟ್ ಆಗುತ್ತಾರೆ. ಅಲ್ಲಿಂದಾಚೆಗೆ ಗುಂಪಿನಲ್ಲಿ ಅವರ ಒಂದು ಮಾತೂ ಇಲ್ಲ. ನಾನು ಕೊನೆಯವರೆಗೂ ಹುಡುಕಿದೆ. ಈ ಜೋಕಿಗೆ ನಾನೇ ಎಷ್ಟೋ ಸಲ ನಕ್ಕಿದ್ದೆ, ಥೂ!

ಸೋಮವಾರ ಅಕ್ಕನಿಗೆ ಕೊನೆಯ ಅವಕಾಶ. ತಪ್ಪಿದರೆ ಜನ್ಮದಲ್ಲಿ ಬಳ್ಳಿ ಮುಟ್ಟುವಂತಿಲ್ಲ. ‘ಪ್ಲಮರ್ ಅಂದುಬಿಡು, ಮುಗಿಯಿತು’ ಎಂದು ನಾನು ಹೇಳಿದರೆ ಅವಳು ಬಾಯನ್ನೇ ತೆರೆಯುತ್ತಿಲ್ಲ. ಓಣಿಯ ಆ ತುದಿಗೆ ಕೇಳುವಂತೆ ಹರಟುತ್ತಿದ್ದವಳು ಈಗ ಊಟಕ್ಕೆ ಕರೆದರೂ ತಲೆಯಾಡಿಸುತ್ತಾಳೆ.

ಆದ್ದರಿಂದ, ಸಿಂಹಗಳೇ, ಕೇಳುವುದು ಇಷ್ಟೇ. ನೀವು ಒತ್ತುವ ಪ್ರತಿಯೊಂದು ನಗುಮುಖವೂ ಇಲ್ಲಿ ಒಬ್ಬರ ಅಂಕ ಕಳೆಯುತ್ತದೆ. ನಾಳೆ ಫಕೀರಪ್ಪನವರ ಸಂದೇಶ ಬಂದಾಗ ಬೆರಳು ತಡೆಯಿರಿ. ‘ಬ’ ಇದ್ದರೆ ಇರಲಿ. ಅವರ ಅಡುಗೆ ಮನೆಯಲ್ಲಿ ನೀರು ಏರುತ್ತಿರುತ್ತದೆ.

ಮೊದಲು ನಂಬರ್ ಕೊಡಿ.

ನಿಮ್ಮ ಫ್ಯಾನ್ ಆಗಿದ್ದ, ಮತ್ತೆ ಆಗಬೇಕೆಂದಿರುವ
ಶಿವಲೀಲಾ