ಮರುಭೇಟಿಗೆ ಶುಲ್ಕವಿಲ್ಲ

ಮಾರ್ಚ್ ೧೧, ಮಂಗಳವಾರ

ನನ್ನ ಡಾಕ್ಟರಮ್ಮನಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಜನವರಿಯಲ್ಲೇ ಬಂತು. ಎರಡು ತಿಂಗಳು ಉತ್ತರ ಬರೆಯದೆ ಕೂತದ್ದಕ್ಕೆ ಕಣ್ಣಿನ ಪೊರೆಯ ಆಪರೇಷನ್ ಕಾರಣ ಅನ್ನಬಹುದಿತ್ತು. ಆದರೆ ಪಟ್ಟಿ ಬಿಚ್ಚಿದ್ದು ಫೆಬ್ರವರಿ ಮೂರಕ್ಕೇ. ಆಮೇಲಿನ ದಿನಗಳಿಗೆ ಕಣ್ಣನ್ನು ದೂರುವಂತಿಲ್ಲ. ಕ್ಷಮಿಸು.

ಅಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನಷ್ಟು ಚುರುಕಾಗಿದೆ. ಕೆಳಗಿನ ಮನೆಯವರು ಬಿಳಿ ನಾಯಿಮರಿ ತಂದಿದ್ದಾರೆ. ಅದಕ್ಕೆ ಮಳೆಗೊಂದು ಅಂಗಿ, ಹಲ್ಲುಜ್ಜಲು ಬೇರೆ ಪೇಸ್ಟು, ತಿಂಗಳಿಗೊಮ್ಮೆ ಉಗುರು ಕತ್ತರಿಸಲು ವ್ಯಾನು. ಅಮ್ಮ ಬಾಲ್ಕನಿಯಿಂದ ಬಗ್ಗಿ ನೋಡಿ, "ರೀ, ನಿಮ್ಮ ಗಿರಾಕಿ ವಾಕಿಂಗ್ ಹೊರಟಿದೆ, ನಮಸ್ಕಾರ ಮಾಡಿ ಬನ್ನಿ" ಅನ್ನುತ್ತಾಳೆ.

ನಾನು ಷೇರು ಕೊಂಡ ಕಥೆ ನಿನಗೆ ಗೊತ್ತೇ ಇದೆ. ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬಂದಿತ್ತು: ಕೈ ಬಿಗಿಯಾದಾಗ ಜನ ಹೊಸ ಸೋಫಾ ಕೊಳ್ಳುವುದನ್ನು ಮುಂದೂಡುತ್ತಾರೆ, ಸಾಕಿದ ಪ್ರಾಣಿಯ ಊಟ ಔಷಧಿಯನ್ನು ಮುಂದೂಡುವುದಿಲ್ಲ, ಆದ್ದರಿಂದ ಆ ಕಂಪನಿಗಳಲ್ಲಿ ಹಣ ಹೂಡುವುದು ಜಾಣತನ. ಲೇಖನವನ್ನು ಕತ್ತರಿಸಿ ಇಟ್ಟುಕೊಂಡೆ. ಅದಕ್ಕಿಂತ ದೊಡ್ಡ ಕಾರಣ, ಅಂಥ ಒಂದು ಕಂಪನಿಯ ಪ್ರಾಣಿ ಆಸ್ಪತ್ರೆಯಲ್ಲಿ ಆಗ ನನ್ನ ಮಗಳು ಡಾಕ್ಟರು. ನಿವೃತ್ತಿಯ ಹಣದಲ್ಲಿ ಅರ್ಧ ಹಾಕಿದೆ. "ಮಗಳು ದುಡಿಯೋ ಜಾಗಕ್ಕೆ ಅಪ್ಪ ಮಾಲೀಕ" ಅಂತ ನಾನು ಜಂಬ ಕೊಚ್ಚಿದ್ದಕ್ಕೆ ಅಮ್ಮ, "ಅಲ್ಲಿನ ಬೆಂಚಿನ ಕಾಲಿನಲ್ಲಿ ಅರ್ಧ ನಿಮ್ಮದು, ಒರಗಿ ಕೂರಬೇಡಿ" ಅಂದಿದ್ದಳು.

ಈಗ ಆ ಷೇರು ಕೊಂಡ ಬೆಲೆಯ ಒಂದೂವರೆ ಪಟ್ಟಾಗಿದೆ. ಕಳೆದ ತಿಂಗಳು ಬಂದ ವರದಿಯ ಮುಖಪುಟದಲ್ಲಿ ಒಂದು ಮುದಿ ನಾಯಿ ಯಾರದೋ ಮಡಿಲಲ್ಲಿ ತಲೆಯಿಟ್ಟು ಮಲಗಿದೆ. ಒಳಗೆ ಒಂಬತ್ತನೆಯ ಪುಟದಲ್ಲಿ, "ಬಿಲ್ ಆಗದ ಚಿಕಿತ್ಸೆಯನ್ನು ಪೂರ್ತಿ ನಿಲ್ಲಿಸಿದ್ದೇವೆ" ಎಂದಿದೆ. ಬಿಲ್ ಆಗದ ಚಿಕಿತ್ಸೆ ಅಂದರೆ ನೀನು.

ಕೋಳಿ ಫಾರಂನಿಂದ ಬರೆದ ನಿನ್ನ ಕಾಗದದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಇಲ್ಲಿ ದಿನಕ್ಕೆ ಎರಡು ಸಾವಿರ ಕೋಳಿಗೆ ಲಸಿಕೆ. ಒಂದಕ್ಕೂ ಹೆಸರಿಲ್ಲ, ಅಪ್ಪ." ಏಳು ವರ್ಷ ಓದಿ, ಬೆಕ್ಕಿನ ಮುರಿದ ಕಾಲಿಗೆ ಕಡ್ಡಿಯಷ್ಟು ಸಣ್ಣ ಸರಳು ಕೂರಿಸುತ್ತಿದ್ದ ಕೈ ಅದು. ಒಂದು ಆಸ್ಪತ್ರೆ ತೆಗೆದುಹಾಕಿದವಳನ್ನು ಬೇರೆ ಆಸ್ಪತ್ರೆಯವರು ಮುಟ್ಟುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ.

ಇನ್ನೊಂದು ಸಾಲನ್ನೂ ಬರೆದಿದ್ದೀಯ: "ಗುಬ್ಬಿಯ ಹೆಸರು ನನ್ನ ಮುಂದೆ ಎತ್ತಬೇಡಿ." ಎತ್ತಲೇಬೇಕಾಗಿದೆ. ಕಳೆದ ಗುರುವಾರ ಆಕೆ ಮನೆಗೆ ಬಂದಿದ್ದಳು. ಆಸ್ಪತ್ರೆಯ ಕೌಂಟರಿನ ನೀಲಿ ಸಮವಸ್ತ್ರದಲ್ಲೇ ಇದ್ದಳು, ತೋಳಿನ ತುಂಬ ಬೆಕ್ಕಿನ ಕೂದಲು. ಚಪ್ಪಲಿ ಬಿಟ್ಟವಳು ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ಕಂಪನಿಗೆ ನಾನು ಹೇಳಿಲ್ಲ ಅಂಕಲ್. ಹಣ ಇಲ್ಲದವರ ನಾಯಿ ಬಂದ್ರೆ ಅಕ್ಕ ಕಣ್ಸನ್ನೆ ಮಾಡ್ತಿದ್ರು, ನಾನು ಚೀಟೀಲಿ ಮರುಭೇಟಿ ಅಂತ ಬರೀತಿದ್ದೆ. ಮರುಭೇಟಿಗೆ ಶುಲ್ಕ ಇಲ್ವಲ್ಲ. ಬರೆದಿದ್ದೇ ನನ್ನ ಕೈ, ನಾನೇ ಹೋಗಿ ಹೇಳ್ತೀನಾ? ನನ್ನ ಕೆಲಸ ಉಳೀತು ಅನ್ನೋದಕ್ಕೇ ಅಕ್ಕ ನನ್ನನ್ನ ಚಾಡಿಕೋರಿ ಅಂದ್ಕೊಂಡಿದಾರೆ. ಫೋನ್ ಎತ್ತಲ್ಲ."

"ಬಾಮ್ಮ, ಮೊದಲು ಕೂತ್ಕೋ" ಅಂದಳು ಅಮ್ಮ.

"ಆ ಕಾವಲುಗಾರನ ಒಕ್ಕಣ್ಣಿನ ನಾಯಿ ಇತ್ತಲ್ಲ ಆಂಟಿ, ಈಗಲೂ ಗೇಟಿನ ತನಕ ಬರತ್ತೆ. ಅಕ್ಕ ಬರಲ್ಲ ಕಣೋ, ಹೋಗು ಅಂತ ನಾನೇ ಓಡಿಸ್ತೀನಿ."

ಕಾಫಿ ಕುಡಿದು ಹೋದಳು. ಅಮ್ಮ ನನ್ನ ಕಡೆ ತಿರುಗಿ, "ಈ ಹುಡುಗಿ ಸುಳ್ಳು ಹೇಳ್ತಿಲ್ಲ ಕಣ್ರೀ. ಇವಳಲ್ಲ ಅಂದ್ರೆ ಮತ್ಯಾರು?" ಅಂದಳು. ನಾನು ಪೇಪರ್ ಮಡಚಿ ಎದ್ದೆ.

ಅವಳಿಗೊಂದು ಫೋನ್ ಮಾಡು, ಮಗಳೇ. ಈ ಕಾಗದ ಮುಗಿಸಿದ ಕೂಡಲೇ ಮಾಡು.

ನೀನು ಮುಟ್ಟಿದ ಪ್ರಾಣಿಯೆಲ್ಲ ತನ್ನ ಕಾಲ ಮೇಲೆ ಎದ್ದು ನಡೆಯಲಿ. ನಿನಗೂ ಹೆಸರಿಟ್ಟು ಕರೆಯಬಹುದಾದ ರೋಗಿಗಳು ಮತ್ತೆ ಸಿಗಲಿ.

ನಿನ್ನ
ಅಪ್ಪ

ತಾ.ಕ.: ಕಂಪನಿಗೆ ಹೇಳಿದ್ದು ನಾನು.

ಕಳೆದ ಆಗಸ್ಟಿನ ಷೇರುದಾರರ ಸಭೆಗೆ ಹೋಗಿದ್ದೆನಲ್ಲ. ಊಟ ಚೆನ್ನಾಗಿತ್ತು ಅಂತ ಮಾತ್ರ ನಿನಗೆ ಹೇಳಿದ್ದೆ. ಪ್ರಶ್ನೆ ಕೇಳುವವರಿಗೆ ಮೈಕ್ ಕೊಡುತ್ತಿದ್ದರು. ನನ್ನಲ್ಲಿ ಪ್ರಶ್ನೆ ಇರಲಿಲ್ಲ, ಹೆಮ್ಮೆ ಇತ್ತು. ಎದ್ದು ನಿಂತು, ನಿಮ್ಮ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಿದ್ದಾಳೆ, ಬಡವರ ನಾಯಿಗಳನ್ನು ಮರುಭೇಟಿ ಅಂತ ಬರೆಸಿ ಪುಕ್ಕಟೆ ನೋಡುತ್ತಾಳೆ, ಇಂಥವರಿಂದಲೇ ಕಂಪನಿಗೆ ಒಳ್ಳೆಯ ಹೆಸರು ಅಂದೆ. ಮರುಭೇಟಿಯ ವಿಷಯ ಊಟಕ್ಕೆ ಕೂತಾಗ ನೀನೇ ನಗುತ್ತಾ ಹೇಳಿದ್ದು; ಮರೆತಿದ್ದೀಯ. ಸಭೆ ಚಪ್ಪಾಳೆ ತಟ್ಟಿತು. ಮೂರು ವಾರಕ್ಕೆ ನಿನ್ನನ್ನು ತೆಗೆದರು. ಗುಬ್ಬಿಯ ಮೇಲೆ ನಿನ್ನ ಅನುಮಾನ ಬಿದ್ದಾಗ ನಾನು ಸುಮ್ಮನಿದ್ದೆ, ಆರು ತಿಂಗಳು.

ನಿನ್ನೆ ಅಮ್ಮನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ, ನನ್ನ ತಟ್ಟೆ ಬಡಿಸಿಟ್ಟು ತಾನು ಮಲಗಿದಳು. ಈ ಕಾಗದದ ಒಂದು ಪ್ರತಿಯನ್ನು ಗುಬ್ಬಿಗೂ ಕಳಿಸುತ್ತಿದ್ದೇನೆ. ಷೇರು ಇನ್ನೂ ಮಾರಿಲ್ಲ. ಏರುತ್ತಿದೆ ಅಂತ ಕಾಯುತ್ತಿದ್ದೇನೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಮೂವತ್ತೊಂದು ವರ್ಷ ತೂಕ ಅಳತೆ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿ ಪರೀಕ್ಷಿಸಿದವನು ನಾನು. ನೋಟಿಸ್ ಬರೆಯುವ ಮೊದಲು ನಾನೂ ಹೀಗೆಯೇ ನಗುತ್ತಾ ಹೆಸರು ಕೇಳುತ್ತಿದ್ದೆ. ಆ ದಿನ ವೇದಿಕೆಯಿಂದ ಅಧ್ಯಕ್ಷರು, "ಬಹಳ ಸಂತೋಷ. ಯಾವ ಶಾಖೆ ಸರ್, ಡಾಕ್ಟರ್ ಹೆಸರೇನು?" ಅಂತ ನಗುತ್ತಾ ಕೇಳಿದರು. ಅವರ ಪಕ್ಕದಲ್ಲಿದ್ದವಳು ಪೆನ್ನು ತೆಗೆದಳು. ನಿನಗೇನೋ ಬಹುಮಾನ ಕೊಡುತ್ತಾರೆ ಅಂದುಕೊಂಡೆ. ತಪ್ಪಾಗಿ ಬರೆದುಕೊಳ್ಳಬಾರದು ಅಂತ ನಿನ್ನ ಹೆಸರನ್ನು ಎರಡು ಸಲ ಹೇಳಿದೆ.